ಮಾತಿನ ಅಳತೆ

ಜೂನ್ 3

ಎಲೈ ಪಿನ್ನಿಯೇ!

ಪತ್ರವನ್ನು ಹೀಗೆ ಶುರು ಮಾಡಬೇಡ ಎಂದು ನೀನು ಹೊರಡುವಾಗ ಹೇಳಿದ್ದೆ. ಕೇಳಿಸಿತ್ತು. ಆದರೆ ಇಪ್ಪತ್ತೆರಡು ವರ್ಷ ನಾಟಕ ಕಂಪನಿಯಲ್ಲಿ ಕಿರೀಟ ಹೊತ್ತವಳಿಗೆ ‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಪಿಸುಗುಟ್ಟಲು ಬರುತ್ತದೆಯೇ? ನನ್ನ ಪೆನ್ನಿಗೂ ಗಂಟಲಿದೆ, ಏನು ಮಾಡಲಿ!

ಮೊನ್ನೆ ನಿನ್ನ ಬಸ್ಸನ್ನು ಮೈಕಿನಲ್ಲಿ ಕೂಗಿದವಳು ನಾನೇ ಎಂದು ನಿನಗೆ ತಿಳಿದಿರಬೇಕು. ‘ಹೊರಡಲಿದೆ’ ಎಂಬ ಒಂದೇ ಮಾತನ್ನು ನಾನು ಎಷ್ಟು ಎಳೆದೆನೆಂದರೆ, ನಿಲ್ದಾಣದ ಮೇಲ್ವಿಚಾರಕರು ಗಾಜು ತಟ್ಟಿ, ‘ಅಮ್ಮಾ, ಅದು ಹೋಗಿ ಆಗಲೇ ಹತ್ತು ನಿಮಿಷ ಆಯ್ತು’ ಎಂದರು. ನೀನು ಕಿಟಕಿಯಿಂದ ತಿರುಗಿ ನೋಡಿದೆಯೋ ಇಲ್ಲವೋ ತಿಳಿಯದು. ಆಗ ನಾನು ಕನ್ನಡಕ ಒರೆಸುತ್ತಿದ್ದೆ.

ಒಪ್ಪಂದ ನೆನಪಿರಲಿ. ಡಿಸೆಂಬರ್ ಮುಗಿಯುವುದರೊಳಗೆ ಆ ಹೊಲಿಗೆ ಅಂಗಡಿಯವರು ನಿನ್ನ ಕೈಗೆ ಕತ್ತರಿ ಕೊಟ್ಟರೆ ನಿನ್ನ ದಾರಿ ನಿನ್ನದು. ಇಲ್ಲವಾದರೆ ಮರಳಿ ಬಾ. ಇಲ್ಲಿ ಟಿಕೆಟ್ ಕೌಂಟರಿಗೆ ಹೊಸದಾಗಿ ಬರಲಿರುವ ಮೂರನೇ ಕಿಂಡಿಯಲ್ಲಿ ನಿನಗಾಗಿ ಒಂದು ಕುರ್ಚಿ ಹಿಡಿದಿಟ್ಟಿದ್ದೇನೆ. ಸುಮ್ಮನೆ ಸಿಕ್ಕಿದ್ದಲ್ಲ, ಮೇಲ್ವಿಚಾರಕರ ಎದುರು ಎರಡು ಅಂಕದಷ್ಟು ಮಾತಾಡಿ ಗೆದ್ದದ್ದು.

ಇತಿ ನಿನ್ನ ತಾಯಿ,
ಪದಚ್ಯುತ ಮಹಾರಾಣಿ


ಜೂನ್ 21

ಅಮ್ಮ,

ಸೇರಿದ್ದೇನೆ. ಕೋಣೆ ಮೂರನೇ ಮಹಡಿಯಲ್ಲಿದೆ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ನಲ್ಲಿ ತೊಟ್ಟಿಕ್ಕುತ್ತಿತ್ತು. ಮನೆ ಮಾಲೀಕರಿಗೆ ಎರಡು ಸಲ ಹೇಳಿದೆ, ಎರಡು ಸಲವೂ ‘ನೋಡೋಣಮ್ಮ’ ಎಂದರು. ಮೂರನೇ ದಿನ ನಾನೇ ವಾಷರ್ ತಂದು ಹಾಕಿಕೊಂಡೆ. ಈಗ ಎರಡನೇ ಮಹಡಿಯವರು ತಮ್ಮ ನಲ್ಲಿಗೂ ನನ್ನನ್ನೇ ಕರೆಯುತ್ತಿದ್ದಾರೆ. ಅಡುಗೆ, ಬಟ್ಟೆ ಒಗೆಯುವುದು, ಫ್ಯೂಸ್ ಹಾಕುವುದು ಎಲ್ಲ ನಡೆಯುತ್ತಿದೆ. ಚಿಂತೆ ಬೇಡ.

ಅಂಗಡಿಯಲ್ಲಿ ಹದಿನಾಲ್ಕು ಮಿಷನ್, ಹದಿನಾಲ್ಕು ಹೆಂಗಸರು. ಕಟಿಂಗ್ ಟೇಬಲ್ ಒಂದೇ. ಅದರ ಹಿಂದೆ ಮಾಸ್ಟರ್ ಒಬ್ಬರೇ. ಅವರ ಕತ್ತರಿಯನ್ನು ಯಾರೂ ಮುಟ್ಟುವಂತಿಲ್ಲ. ಸಂಜೆ ಅದನ್ನು ಚರ್ಮದ ಚೀಲಕ್ಕೆ ಹಾಕಿ ಮನೆಗೆ ಒಯ್ಯುತ್ತಾರೆ. ‘ಹೊಲಿಗೆ ತಪ್ಪಿದ್ರೆ ಬಿಚ್ಚಬಹುದು ತಾಯಿ, ಕತ್ತರಿಸಿದ್ದನ್ನ ಬಿಚ್ಚೋಕಾಗುತ್ತಾ?’ ಎನ್ನುತ್ತಾರೆ. ಹೆಂಗಸರು ಯಾರೂ ಇಲ್ಲಿ ಕತ್ತರಿಸಿಲ್ಲವಾ ಎಂದು ಕೇಳಿದೆ. ‘ಯಾಕಿಲ್ಲ? ದಿನಾ ಕತ್ತರಿಸ್ತಾರಲ್ಲ, ದಾರ’ ಎಂದರು. ಹದಿಮೂರು ಜನ ನಕ್ಕರು. ನಾನು ನಗಲಿಲ್ಲ.

ಒಡತಿಯನ್ನು ಎಲ್ಲರೂ ಮೇಡಂ ಅನ್ನುತ್ತಾರೆ. ಪ್ರತಿ ಸೋಮವಾರ ಬೋರ್ಡಿನ ಮೇಲೆ ಫ್ಯಾಷನ್ ಬರೆಯುತ್ತಾರೆ. ಇಲ್ಲಿ ಕಾಲ ಆರು ತಿಂಗಳು ಮುಂದೆ ಓಡುತ್ತದೆ. ಬೀದಿಯಲ್ಲಿ ಬೆವರು, ಒಳಗೆ ಉಣ್ಣೆ ಬಟ್ಟೆ. ಈ ವಾರ ಬರೆದದ್ದು: ‘ಚಳಿಗಾಲಕ್ಕೆ ಇಟ್ಟಿಗೆ ಬಣ್ಣ. ಕಾಲರ್ ಎತ್ತರ. ಎದೆ, ಸೊಂಟ ಬಿಗಿ.’

ಮಾಸ್ಟರ್ ಅವರ ಸಹಾಯಕ ಬೇರೆ ಕಡೆ ಹೋದ. ಅರ್ಧ ಟೇಬಲ್ ಖಾಲಿಯಿದೆ. ವರ್ಷ ಮುಗಿಯುವುದರೊಳಗೆ ಒಳಗಿನವರಲ್ಲೇ ಒಬ್ಬರನ್ನು ಆರಿಸುತ್ತೇನೆ ಎಂದು ಮೇಡಂ ಹೇಳಿದ್ದಾರೆ. ನನಗೆ ಆ ಅರ್ಧ ಟೇಬಲ್ ಬೇಕು.

ನಿನ್ನ
ಪಿನ್ನಿ


ಜುಲೈ 6

ಅರ್ಧ ಮೇಜಿನ ಆಕಾಂಕ್ಷಿಯೇ, ಕೇಳು!

ಬಿಗಿಯಂತೆ ಬಿಗಿ! ಕಳೆದ ವರ್ಷ ನಮ್ಮ ನಿಲ್ದಾಣದಲ್ಲಿ ಇಳಿಯುವ ಹುಡುಗಿಯರೆಲ್ಲ ಗೋಣಿಚೀಲದೊಳಗೆ ಹೊಕ್ಕವರ ಹಾಗೆ ದೊಗಳೆ ತೊಟ್ಟಿದ್ದರು. ಈ ವರ್ಷ ಬಿಗಿಯಾದರೆ ಆ ದೊಗಳೆಗಳನ್ನು ಏನು ಮಾಡಬೇಕು, ಸಮುದ್ರಕ್ಕೆ ಎಸೆಯಬೇಕೇ? ಕಂಪನಿಯಲ್ಲಿ ಒಂದೇ ನಿಲುವಂಗಿಯಲ್ಲಿ ನಾನು ಮೂವರು ರಾಣಿಯರಾಗಿದ್ದೇನೆ. ಕಾಲರ್ ಕಿತ್ತರೆ ವಿಧವೆ, ಜರಿ ಹಚ್ಚಿದರೆ ಪಟ್ಟದರಸಿ, ತಿರುಗಿಸಿ ತೊಟ್ಟರೆ ಮಾಟಗಾತಿ! ನಿನ್ನ ಒಡತಿಗೆ ಇದನ್ನು ಹೇಳು. ಬೇಡ, ಹೇಳಬೇಡ. ಕೆಲಸ ಹೋದೀತು.

ನಲ್ಲಿಯ ವಿಷಯ ಓದಿ ಎದೆಯುಬ್ಬಿತು. ಮೇಲ್ವಿಚಾರಕರಿಗೂ ಓದಿ ಹೇಳಿದೆ. ಅಂದ ಹಾಗೆ, ನಿನ್ನ ಕುರ್ಚಿಗೆ ಹೊಸ ದಿಂಬು ಬಂದಿದೆ. ನೀಲಿ.

ಇಂತಿ ಮೂವರು ರಾಣಿಯರೂ ಒಬ್ಬಳೇ ಆದ
ನಿನ್ನ ತಾಯಿ


ಆಗಸ್ಟ್ 12

ಅಮ್ಮ,

ಒಳ್ಳೆಯ ಸುದ್ದಿ. ಊರಿನ ಅತಿ ದೊಡ್ಡ ಬಟ್ಟೆ ಮಳಿಗೆಯವರು ತಮ್ಮ ಇಪ್ಪತ್ನಾಲ್ಕು ಜನ ಮಾರಾಟದ ಹುಡುಗಿಯರಿಗೆ ಚಳಿಗಾಲದ ಜಾಕೆಟ್ ಹೊಲಿಯಲು ಕೊಟ್ಟಿದ್ದಾರೆ. ಅಳತೆ ತೆಗೆಯಲು ಮೇಡಂ ನನ್ನನ್ನು ಕಳಿಸಿದರು. ಅಳತೆ ತೆಗೆದವರು ಕತ್ತರಿಯ ಹತ್ತಿರ ಬಂದ ಹಾಗೆ ಎಂದು ಪಕ್ಕದ ಮಿಷನ್ನಿನ ಅಕ್ಕ ಹೇಳುತ್ತಾರೆ.

ಇಡೀ ದಿನ ತೆಗೆದೆ. ನಮ್ಮ ನಾಟಕ ಕಂಪನಿಯ ದರ್ಜಿ ಮಾವ ಕಲಿಸಿದ ಹಾಗೆಯೇ ತೆಗೆದೆ. ಒಂದು ಗೆರೆಯೂ ತಪ್ಪಿಲ್ಲ.

ಆತುರದಲ್ಲಿದ್ದೇನೆ.

ಪಿನ್ನಿ


ಸೆಪ್ಟೆಂಬರ್ 8

ಅಮ್ಮ,

ನಿನ್ನ ಮೂರು ಪತ್ರಕ್ಕೂ ಉತ್ತರ ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ.

ಜಾಕೆಟ್‌ಗಳೆಲ್ಲ ಸಡಿಲವಾದವು. ಇಪ್ಪತ್ನಾಲ್ಕೂ. ಎಲ್ಲವೂ ಎದೆಯಲ್ಲಿ ಒಂದೂವರೆ ಇಂಚು ಹೆಚ್ಚು. ಮಾಸ್ಟರ್ ನನ್ನ ಪುಸ್ತಕ ನೋಡಿ ಕತ್ತರಿಸಿದ್ದರು, ಅವರದೇನೂ ತಪ್ಪಿಲ್ಲ. ಮಳಿಗೆಯ ವ್ಯವಸ್ಥಾಪಕರು ಒಂದನ್ನು ತೊಡಿಸಿ ನೋಡಿ, ‘ಇದೇನು, ಅಕ್ಕನ ಜಾಕೆಟ್ಟಾ?’ ಎಂದರಂತೆ.

ಮೇಡಂ ಎಲ್ಲರ ಎದುರು ಕೇಳಿದರು. ‘ಅಳತೆ ಹೇಗೆ ತೆಗೆದೆ? ತೋರಿಸು.’

ಪಕ್ಕದ ಅಕ್ಕನನ್ನು ನಿಲ್ಲಿಸಿ ಟೇಪು ಸುತ್ತಿದೆ. ‘ಈಗ ಉಸಿರು ತುಂಬಾ ಎಳೆದು ಜೋರಾಗಿ ಮಾತಾಡಿ’ ಎಂದೆ. ಅಭ್ಯಾಸ, ಅಮ್ಮ. ದರ್ಜಿ ಮಾವ ಯಾರ ಅಳತೆಯನ್ನೂ ಬಾಯಿ ಮುಚ್ಚಿಸಿ ತೆಗೆದದ್ದೇ ಇಲ್ಲವಲ್ಲ. ‘ಸುಮ್ಮನೆ ನಿಂತ ರಾಜನ ಅಳತೆ ತಗೊಂಡ್ರೆ ಮೊದಲನೇ ಗರ್ಜನೆಗೇ ಗುಂಡಿ ಹಾರಿ ಮುಂದಿನ ಸಾಲಿನವರ ಕಣ್ಣಿಗೆ ಬೀಳುತ್ತೆ’ ಎನ್ನುತ್ತಿದ್ದರಲ್ಲ. ನನಗೆ ಗೊತ್ತಿದ್ದ ಅಳತೆ ಅದೊಂದೇ, ಮಾತಿನ ಅಳತೆ. ಬೇರೆ ಊರಿನ ಬೇರೆ ದರ್ಜಿಗಳೆಲ್ಲ ಸುಮ್ಮನೆ ನಿಲ್ಲಿಸಿ ಅಳೆಯುತ್ತಾರೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಅಂಗಡಿ ಬಿದ್ದೂ ಬಿದ್ದೂ ನಕ್ಕಿತು. ಮೇಡಂ ಮಾತ್ರ ನಗಲಿಲ್ಲ, ಎಲ್ಲರ ಎದುರೇ ಜೋರಾಗಿ ಬೈದರು. ಎಲ್ಲ ಜಾಕೆಟ್‌ಗಳಿಗೂ ಮತ್ತೊಂದು ಹೊಲಿಗೆ ಹಾಕಿ ಬಿಗಿ ಮಾಡಿಸಿದರು. ಹೆಚ್ಚಿನ ಬಟ್ಟೆ ಕತ್ತರಿಸಲೂ ಸಮಯವಿರಲಿಲ್ಲ, ಒಳಗೇ ಉಳಿಯಿತು. ನನ್ನನ್ನು ಮಿಷನ್‌ನಿಂದ ಎಬ್ಬಿಸಿ ಮೂಲೆಯಲ್ಲಿ ಕೂರಿಸಿದ್ದಾರೆ. ಈಗ ನನ್ನ ಕೆಲಸ ಗುಂಡಿ ಹಚ್ಚುವುದು.

ಪಿನ್ನಿ


ಸೆಪ್ಟೆಂಬರ್ 14

ಉಡುಪು ಸಾಮ್ರಾಜ್ಯದ ಒಡತಿಗೆ, ಒಬ್ಬ ತಾಯಿ ಕೈ ಜೋಡಿಸದೆ, ತಲೆ ಬಾಗಿಸದೆ, ನೇರ ನಿಂತು ಮಾಡುವ ಬಿನ್ನಹ:

ಅಮ್ಮಾ! ತಾವು ಮೂಲೆಗೆ ತಳ್ಳಿದ ಹುಡುಗಿ ಯಾರೆಂದು ಬಲ್ಲಿರಾ? ನಾಲ್ಕನೇ ವಯಸ್ಸಿಗೆ ಪರದೆಯ ಮರೆಯಲ್ಲಿ ಬಾಯಿಯ ತುಂಬ ಪಿನ್ನು ಕಚ್ಚಿಕೊಂಡು ಕೂತು, ಮಹಾರಾಜರ ಹರಿದ ಬೆನ್ನನ್ನು ಎರಡು ಪ್ರವೇಶಗಳ ನಡುವೆ ಸರಿಪಡಿಸಿದವಳು! ಅದಕ್ಕೇ ಕಂಪನಿ ಅವಳಿಗೆ ಪಿನ್ನಿ ಎಂದು ಹೆಸರಿಟ್ಟಿತು! ಅವಳು ಅಳೆದದ್ದು ತಪ್ಪೇ? ತಪ್ಪು ಹಾಗಾದರೆ ಯಾರದು? ಮನುಷ್ಯರನ್ನು ಬಾಯಿ ಮುಚ್ಚಿಸಿ, ಉಸಿರು ಹಿಡಿಸಿ, ಶಿಲೆಯಂತೆ ನಿಲ್ಲಿಸಿ ಅಳೆದು, ಅದೇ ಅಳತೆಯಲ್ಲಿ ಬದುಕಿಕೊಳ್ಳಿ ಎಂದು ಕಳಿಸುವವರದಲ್ಲವೇ? ಗುಂಡಿ! ಆ ಕೈಗೆ ಗುಂಡಿ! ಸಿಂಹಾಸನಕ್ಕೆ ಹುಟ್ಟಿದವಳಿಗೆ ಕಸಪೊರಕೆ!

ಈ ಪತ್ರವನ್ನು ತಾವು ಒಬ್ಬರೇ ಓದಿ ಮಡಚಿಡಬಾರದು. ಅವಮಾನ ಸಭೆಯಲ್ಲಿ ನಡೆದಿದೆ, ನ್ಯಾಯವೂ ಸಭೆಯಲ್ಲೇ ಆಗಲಿ. ಸಕಲ ಕೆಲಸಗಾರರ ಸಮ್ಮುಖದಲ್ಲಿ ಗಟ್ಟಿಯಾಗಿ ಓದಿಸಿ!

ಇತಿ,
ಪಿನ್ನಿಯ ತಾಯಿ


ಸೆಪ್ಟೆಂಬರ್ 22

ಪಿನ್ನಿಯ ತಾಯಿಯವರಿಗೆ,

ನಿಮ್ಮ ಏಳು ಹಾಳೆಯ ಪತ್ರ ತಲುಪಿತು. ಮಾತುಗಳು ಒಂದು ಹಾಳೆಯಷ್ಟೇ ಇದ್ದರೂ ಅಕ್ಷರಗಳು ಕೊನೆಯ ಸಾಲಿನಲ್ಲಿ ಕೂತವರಿಗೂ ಕಾಣುವಂತಿದ್ದವು.

ನೀವು ಕೇಳಿದಂತೆ ಎಲ್ಲರೆದುರು ಓದಿಸಿದೆ. ಮಾಸ್ಟರ್ ಓದಿದರು. ಅವರಿಗೂ ಸ್ವಲ್ಪ ನಾಟಕದ ಹುಚ್ಚಿದೆಯೆಂದು ಈಗ ತಿಳಿಯಿತು.

ನಿಮ್ಮ ಮಗಳು ಮಾಡಿದ ತಪ್ಪು ಒಂದೂವರೆ ಇಂಚು. ನೀವು ಮಾಡಿದ್ದು ಎಷ್ಟೆಂದು ಅಳೆಯಲು ನನ್ನಲ್ಲಿ ಟೇಪಿಲ್ಲ. ಅವಳಿಗೆ ಇಪ್ಪತ್ಮೂರು ವರ್ಷ. ಅವಳ ಕೆಲಸದ ಮಾತನ್ನು ಅವಳೇ ನನ್ನೊಡನೆ ಆಡಲಿ.

ಅಂಗಡಿಯ ಒಡತಿ


ಸೆಪ್ಟೆಂಬರ್ 25

ಅಮ್ಮ,

‘ಸಿಂಹಾಸನಕ್ಕೆ ಹುಟ್ಟಿದವಳು’ ಎಂದು ಮಾಸ್ಟರ್ ಓದಿದಾಗ ಒಬ್ಬರು ಮಿಷನ್ನಿನ ಸ್ಟೂಲನ್ನು ಒರೆಸಿ, ‘ಬನ್ನಿ ಯುವರಾಣಿ, ಕೂತ್ಕೊಳ್ಳಿ’ ಎಂದರು. ಈಗ ನೀರು ಕುಡಿಯಲು ಎದ್ದರೂ ‘ದಾರಿ ಬಿಡಿ, ದಾರಿ ಬಿಡಿ’ ಎನ್ನುತ್ತಾರೆ. ಗುಂಡಿಯ ಡಬ್ಬಿಗೆ ಖಜಾನೆ ಎಂದು ಹೆಸರಾಗಿದೆ.

ನಾನು ನಿನ್ನನ್ನು ಬರೆಯೆಂದು ಕೇಳಿದೆನಾ? ಇಲ್ಲಿ ನನಗೆ ಇದ್ದದ್ದು ಒಂದೇ. ನಾನು ಯಾರ ಮಗಳು ಎಂದು ಯಾರಿಗೂ ಗೊತ್ತಿರಲಿಲ್ಲ. ಸರಿಯೋ ತಪ್ಪೋ, ನನ್ನ ಕೈಯ ಕೆಲಸವನ್ನಷ್ಟೇ ನೋಡುತ್ತಿದ್ದರು. ಅದೂ ಹೋಯಿತು.

ಡಿಸೆಂಬರ್‌ವರೆಗೆ ಕಾಯುವುದಿಲ್ಲ. ಒಂದನೇ ತಾರೀಕು ಕಳೆದ ಮೇಲೆ ಕೋಣೆ ಬಿಡುತ್ತೇನೆ. ಮೂರನೇ ಕಿಂಡಿಯ ಕುರ್ಚಿ ನನಗೇ ಇರಲಿ ಎಂದು ಮೇಲ್ವಿಚಾರಕರಿಗೆ ಹೇಳಿಬಿಡು.

ಪಿನ್ನಿ


ಸೆಪ್ಟೆಂಬರ್ 29

ಪಿನ್ನಿ,

ಕುರ್ಚಿ ಇಲ್ಲ.

ಯಾವತ್ತೂ ಇರಲಿಲ್ಲ. ಮೂರನೇ ಕಿಂಡಿಯೇ ಇಲ್ಲ, ಇರುವುದು ಎರಡು. ಮೇಲ್ವಿಚಾರಕರ ಹತ್ತಿರ ನಾನು ಯಾವ ಮಾತನ್ನೂ ಆಡಿಲ್ಲ. ದಿಂಬು ಸುಳ್ಳು. ನೀಲಿಯೂ ಸುಳ್ಳು.

ಕಂಪನಿ ಮುಚ್ಚಿದ ಬೆಳಿಗ್ಗೆ ನೆನಪಿದೆಯಾ ನಿನಗೆ? ನೀನು ಆಗ ಹನ್ನೊಂದು ವರ್ಷದವಳು. ಉಡುಪೆಲ್ಲ ಕಂಪನಿಯದು. ಕಿರೀಟ, ಪೆಟ್ಟಿಗೆ, ಮುಖಕ್ಕೆ ಹಚ್ಚುವ ಬಣ್ಣ ಕೂಡ ಕಂಪನಿಯದೇ. ನಾನು ಉಟ್ಟ ಬಟ್ಟೆಯಲ್ಲಿ ಹೊರಗೆ ಬಂದೆ. ಇಂಥ ಕಡೆ ಹೋದರೆ ನಿನಗೊಂದು ಜಾಗವಿದೆ ಎಂದು ಯಾರಾದರೂ ಒಬ್ಬರು ಹೇಳಿದ್ದರೆ, ಸುಳ್ಳೇ ಹೇಳಿದ್ದರೂ, ಆ ದಿನ ನಾನು ಇನ್ನೊಂದು ರೀತಿ ನಡೆಯುತ್ತಿದ್ದೆ. ನೀನು ಹೊರಟಾಗ, ನನ್ನ ಮಗಳು ಬೆನ್ನ ಹಿಂದೆ ಏನೋ ಇದೆ ಎಂಬ ಧೈರ್ಯದಲ್ಲಿ ಹೋಗಲಿ ಎನಿಸಿತು. ಅದಕ್ಕೆ ಆ ಕುರ್ಚಿಯ ಕಥೆ ಕಟ್ಟಿದೆ.

ನಿನ್ನ ಒಡತಿಗೆ ಬರೆದದ್ದು ತಪ್ಪು. ನನಗೆ ಗೊತ್ತಿರುವ ಪಾತ್ರ ಅದೊಂದೇ, ಆಡಿಬಿಟ್ಟೆ.

ಈ ನಿಲ್ದಾಣದಲ್ಲಿ ನಮ್ಮದು ಎನ್ನಬಹುದಾದ ಕುರ್ಚಿ ಒಂದೇ ಒಂದು. ಮೈಕಿನ ಎದುರಿನದು. ಅದರ ಮೇಲೆ ನಾನು ಕೂತಿದ್ದೇನೆ. ನೀನು ಬರುವುದಾದರೆ ಎದ್ದು ಕೊಡುತ್ತೇನೆ. ಇದು ಸುಳ್ಳಲ್ಲ.

ಅಮ್ಮ


ನವೆಂಬರ್ 2

ಪಿನ್ನಿ,

ಬರಲಿಲ್ಲ, ಬರೆಯಲೂ ಇಲ್ಲ. ಪ್ರತಿದಿನ ನಿನ್ನ ಊರಿನ ಬಸ್ಸು ಬಂದಾಗ ಇಳಿಯುವವರನ್ನು ನೋಡುತ್ತೇನೆ. ಬೇರೇನಿಲ್ಲ. ನಲ್ಲಿ ಸರಿಯಿದೆಯಾ?

ಅಮ್ಮ


ಡಿಸೆಂಬರ್ 4

ಅಮ್ಮ,

ನಲ್ಲಿ ಸರಿಯಿದೆ.

ನಿನ್ನ ಪತ್ರ ಓದಿದ ದಿನ ಪೆಟ್ಟಿಗೆ ಕಟ್ಟಿ ಆಗಿತ್ತು. ಅದರ ಮೇಲೆ ಕೂತು ಮತ್ತೊಮ್ಮೆ ಓದಿದೆ. ಸಿಟ್ಟು ಬಂತು. ಬಹಳ ಸಿಟ್ಟು ಬಂತು. ಆಮೇಲೆ ಪೆಟ್ಟಿಗೆ ಬಿಚ್ಚಿ ತಟ್ಟೆ ಲೋಟ ಹೊರಗಿಟ್ಟೆ. ಬೆಳಿಗ್ಗೆ ಹೋಗಲು ಇದ್ದ ಜಾಗ ಇದೊಂದೇ, ಆದ್ದರಿಂದ ಅಂಗಡಿಗೆ ಹೋದೆ.

ಅಕ್ಟೋಬರ್ ಮಧ್ಯದಲ್ಲಿ ಮಳಿಗೆಯಲ್ಲಿ ಚಳಿಗಾಲದ ಮಾರಾಟ ಶುರುವಾಯಿತು. ಮೂರನೇ ದಿನ ಅಲ್ಲಿನ ಮಾರಾಟದ ಹುಡುಗಿಯೊಬ್ಬಳು ಇಟ್ಟಿಗೆ ಬಣ್ಣದ ಜಾಕೆಟ್ ಹಿಡಿದು ಬಂದಳು. ಗುಂಡಿ ಹಾರಿತ್ತು. ಮಾರನೇ ದಿನ ಇಬ್ಬರು ಬಂದರು. ಹಾರಿದ ಗುಂಡಿ ಬಂದು ಸೇರುವುದು ಎಲ್ಲಿಗೆ? ನನ್ನ ಮೂಲೆಗೇ. ಹಚ್ಚಿಕೊಟ್ಟೆ. ಹಚ್ಚಿಕೊಡುವಾಗ ಯಾವ ಗುಂಡಿ, ಯಾವಾಗ ಹಾರಿತು ಎಂದು ಕೇಳಿ ಚೀಟಿಯಲ್ಲಿ ಬರೆದಿಟ್ಟೆ. ಎಲ್ಲವೂ ಮೇಲಿನಿಂದ ಎರಡನೆಯದು. ‘ಈ ಕಡೆ ಬನ್ನಿ ಅಂತ ಕೂಗ್ತಾ ಇದ್ದೆ’ ಎಂದಳು ಒಬ್ಬಳು. ಇನ್ನೊಬ್ಬಳು, ‘ಮೇಲಿನ ಕಪಾಟಿಗೆ ಕೈ ಚಾಚಿ ಗಿರಾಕಿ ಜೊತೆ ಮಾತಾಡ್ತಿದ್ದೆ, ಟಪ್ ಅಂತು. ಗಿರಾಕಿಗೇ ಬಡೀತು. ಆಯಮ್ಮ ಜಾಕೆಟ್ ನೋಡೋಕೆ ಬಂದವರು, ಗುಂಡಿ ನೋಡಿ ವಾಪಸ್ ಹೋದ್ರು’ ಎಂದಳು. ಅವರ ಕೆಲಸವೇ ದಿನವಿಡೀ ಮಾತಾಡುವುದು, ಅಮ್ಮ. ಅವರನ್ನು ಸುಮ್ಮನಿರಿಸಿ ಅಳೆದ ಬಟ್ಟೆ ಅವರ ಮೈಮೇಲೆ ಎಷ್ಟು ದಿನ ನಿಂತೀತು?

ಹದಿನೇಳನೆಯ ಗುಂಡಿ ಬಂದ ದಿನ ಚೀಟಿಗಳನ್ನು ಹಿಡಿದು ಮೇಡಂ ಎದುರು ನಿಂತೆ.

‘ಗುಂಡಿ ದಾರದ್ದು ತಪ್ಪು. ಜೋಡಿ ದಾರ ಹಾಕು’ ಎಂದರು.

‘ಜೋಡಿ ದಾರಾನೇ ಹಾಕಿದ್ದೀನಿ ಮೇಡಂ. ಒಂದು ನಿಮಿಷ ಕೈ ಎತ್ತಿ.’

‘ಯಾಕೆ, ನಂಗೂ ಜಾಕೆಟ್ ಹೊಲಿತೀಯಾ?’

ಟೇಪು ಸುತ್ತಿದೆ. ಮೂವತ್ತಾರು. ಮಾಸ್ಟರ್‌ಗೆ ತೋರಿಸಿದೆ. ಅವರು ಕತ್ತರಿ ಕೆಳಗಿಟ್ಟು ಬಗ್ಗಿ ನೋಡಿದರು.

‘ಈಗ ನನ್ನನ್ನ ಬೈಯಿರಿ’ ಎಂದೆ.

‘ಏನು?’

‘ಆವತ್ತು ಬೈದ್ರಲ್ಲ ಮೇಡಂ, ಹಾಗೇ ಬೈಯಿರಿ.’

ಕೇಳಿದ ಕೂಡಲೇ ಅವರಿಗೆ ಬೈಗುಳ ಬರಲಿಲ್ಲ. ಮಾಸ್ಟರ್ ಪಕ್ಕದಿಂದ ಎತ್ತಿಕೊಟ್ಟರು. ‘ಇಪ್ಪತ್ನಾಲ್ಕು ಜಾಕೆಟ್ಟು ಮೇಡಂ. ಅಕ್ಕನ ಜಾಕೆಟ್ಟಾ ಅಂದ್ರಲ್ಲ ಆ ಮಳಿಗೆಯವರು, ನೆನಪು ಮಾಡ್ಕೊಳ್ಳಿ.’ ಅಷ್ಟೇ ಸಾಕಾಯಿತು. ಮೇಡಂ ಉಸಿರೆಳೆದರು ನೋಡು! ನಿನ್ನ ಕಂಪನಿಯಲ್ಲಿದ್ದಿದ್ದರೆ ನಿನ್ನ ಪಾತ್ರಕ್ಕೆ ಅಪಾಯವಿತ್ತು. ಟೇಪು ನನ್ನ ಬೆರಳ ನಡುವೆ ಸರಿದುಹೋಯಿತು.

‘ಮೂವತ್ತೇಳೂವರೆ’ ಎಂದರು ಮಾಸ್ಟರ್.

ಮೇಡಂ ಅರ್ಧಕ್ಕೆ ನಿಂತರು. ಕನ್ನಡಕ ಹಾಕಿಕೊಂಡು ತಾವೇ ಟೇಪು ನೋಡಿದರು. ‘ಫ್ಯಾಷನ್ ಬಿಗಿ ಅಂತ ಇರುವಾಗ ನಾನು ಸಡಿಲ ಕೊಟ್ರೆ ಯಾರು ತಗೋತಾರೆ?’ ಎಂದರು. ಆ ಪ್ರಶ್ನೆ ನ್ಯಾಯವಾದದ್ದೇ. ನಾನು ಎರಡು ವಾರ ಅದನ್ನೇ ಯೋಚಿಸಿದ್ದೆ. ಮುಂದೆ ಬಿಗಿಯಿರಲಿ, ಬೆನ್ನಿನಲ್ಲಿ ಎರಡು ಉದ್ದ ಮಡಿಕೆ ಇಡೋಣ ಎಂದೆ. ಸುಮ್ಮನಿದ್ದಾಗ ಮುಚ್ಚಿಕೊಂಡಿರುತ್ತದೆ, ಉಸಿರೆಳೆದಾಗ ತೆರೆದುಕೊಳ್ಳುತ್ತದೆ. ಎದುರು ನೋಡುವವರಿಗೆ ಫ್ಯಾಷನ್, ತೊಟ್ಟವರಿಗೆ ಜಾಗ. ಅದಕ್ಕೆ ಅಳತೆ ಪುಸ್ತಕದಲ್ಲಿ ಎದೆಗೆ ಒಂದು ಕಾಲಂ ಸಾಲದು, ಎರಡು ಬೇಕು. ಒಂದು ಸುಮ್ಮನೆ, ಒಂದು ಮಾತು.

‘ಕತ್ತರಿಸೋರು ಯಾರು?’ ಎಂದರು ಮೇಡಂ.

‘ನಾನು.’

‘ಆಗಲ್ಲ ಅಂದ್ರೆ?’

‘ನಾಳೆ ಮತ್ತೆ ಕೇಳ್ತೀನಿ. ನನಗೆ ಹೋಗೋಕೆ ಬೇರೆ ಜಾಗ ಇಲ್ಲ ಮೇಡಂ.’

ಆಗಲಿ ಎನ್ನಲಿಲ್ಲ, ಆಗುವುದಿಲ್ಲ ಎನ್ನಲೂ ಇಲ್ಲ. ಐದು ದಿನ ದಿನಾ ಬೆಳಿಗ್ಗೆ ಹೋಗಿ ಕೇಳಿದೆ. ಈ ನಡುವೆ ಆ ಹುಡುಗಿಯರ ಜಾಕೆಟ್‌ಗಳ ಎರಡನೇ ಹೊಲಿಗೆ ಬಿಚ್ಚಿ ಒಳಗಿದ್ದ ಬಟ್ಟೆಯನ್ನು ಬಿಟ್ಟುಕೊಟ್ಟೆ. ಅದಕ್ಕೆ ಅವರ ವ್ಯವಸ್ಥಾಪಕರೇ ಕಳಿಸಿದ್ದರು. ಗಿರಾಕಿಗೆ ಗುಂಡಿ ಬಡಿದ ಮೇಲೆ ಅವರ ಫ್ಯಾಷನ್ನೂ ಸ್ವಲ್ಪ ಸಡಿಲವಾಗಿದೆ. ಆರನೇ ದಿನ ಮೇಡಂ ಅಳತೆ ಪುಸ್ತಕವನ್ನು ನನ್ನ ಮುಂದೆ ಹಾಕಿದರು. ಅವರ ಕೈಬರಹದಲ್ಲೇ ಎರಡನೇ ಕಾಲಂ ಎಳೆದಿತ್ತು.

ಕುರ್ಚಿಯ ವಿಷಯ. ನನಗೆ ಇನ್ನೂ ಪೂರ್ತಿ ಸಿಟ್ಟು ಹೋಗಿಲ್ಲ, ಸುಳ್ಳು ಹೇಳಲಾರೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾಸ್ಟರ್ ಎದುರು, ಮೇಡಂ ಎದುರು ನಾನು ತಲೆಯೆತ್ತಿ ಮಾತಾಡಿದ್ದು ಆ ಕುರ್ಚಿಯ ಮೇಲೆ ಕೂತೇ ಎಂಬುದೂ ನಿಜ. ಮೈಕಿನ ಎದುರಿನಿಂದ ನೀನು ಏಳಬೇಡ. ಯಾರಿಗೂ ಎದ್ದು ಕೊಡಬೇಡ, ನನಗೂ.

ಅರ್ಧ ಟೇಬಲ್ ನಿನ್ನೆ ಸಿಕ್ಕಿತು. ಮಾಸ್ಟರ್ ತಮ್ಮ ಕತ್ತರಿ ಕೊಡಲಿಲ್ಲ. ಕೊಟ್ಟಿದ್ದರೂ ತೆಗೆದುಕೊಳ್ಳುತ್ತಿರಲಿಲ್ಲ, ಬೆಳಿಗ್ಗೆಯೇ ನನ್ನದೇ ಒಂದು ಕೊಂಡುತಂದಿದ್ದೆ. ಬಟ್ಟೆ ಹಾಸಿ, ಚಾಕಿನಲ್ಲಿ ಗೆರೆ ಎಳೆದೆ. ಕತ್ತರಿಯನ್ನು ಅಂಚಿಗೆ ಇಟ್ಟೆ. ಒಮ್ಮೆಲೇ ಅಂಗಡಿಯಲ್ಲಿ ಸದ್ದೇ ಇಲ್ಲ. ತಲೆಯೆತ್ತಿ ನೋಡಿದರೆ ಮಿಷನ್‌ಗಳೆಲ್ಲ ನಿಂತಿದ್ದವು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮಾಸ್ಟರ್ ಕೂಡ.

‘ಏನು, ನಾಟಕ ನೋಡೋಕೆ ಬಂದಿದ್ದೀರಾ?’ ಎಂದೆ. ಜೋರಾಗಿಯೇ ಬಂತು ದನಿ, ಬೀದಿಗೂ ಕೇಳಿಸುವಷ್ಟು.

ಮಿಷನ್‌ಗಳು ಮತ್ತೆ ಶುರುವಾದವು. ನಾನು ಕತ್ತರಿಸಿದೆ.

ನಿನ್ನ ಮಗಳು,
ಪಿನ್ನಿ